ಅರಿಜೋನಾದ ಒಣಬೆಟ್ಟದಲ್ಲಿ ಎಲ್ಕ್ ಮತ್ತು ಕೂಸ್ ಜಿಂಕೆ: ಮೊದಲ ಸಲ ಹೋಗುವವರಿಗೆ

ಪ್ರಶ್ನೆ: ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ ಆರು ವರ್ಷದಿಂದ ಇದ್ದೇನೆ, ಎಚ್-1ಬಿ ವೀಸಾ. ಜೊತೆಯಲ್ಲಿ ಕೆಲಸ ಮಾಡುವವರು ಪ್ರತಿ ವರ್ಷ ಎಲ್ಕ್, ಜಿಂಕೆ ಬೇಟೆಗೆ ಹೋಗುತ್ತಾರೆ, ಈಗ ನನ್ನನ್ನೂ ಕರೆಯುತ್ತಿದ್ದಾರೆ. ಊರು ಮಡಿಕೇರಿ ಕಡೆ. ಮನೆಯಲ್ಲಿ ಕೋವಿ ಇತ್ತು, ಆದರೆ ಬೇಟೆ ಗೊತ್ತಿಲ್ಲ. ಇಲ್ಲಿನ ಬೆಟ್ಟ ನೋಡಿದರೆ ಕಲ್ಲು, ಕಳ್ಳಿ ಬಿಟ್ಟು ಏನೂ ಕಾಣುವುದಿಲ್ಲ. ಪ್ರಾಣಿ ಎಲ್ಲಿರುತ್ತವೆ? ಯಾವುದರಿಂದ ಶುರು ಮಾಡಲಿ? ಬಿಸಿಲಲ್ಲಿ ಮಾಂಸ ಕೆಡದಂತೆ ತರುವುದು ಹೇಗೆ? ವೀಸಾದ ಮೇಲಿರುವವನು ರೈಫಲ್ ಮುಟ್ಟಬಹುದೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ಅದರಲ್ಲಿ ತಪ್ಪಿದರೆ ಬೇಟೆಯ ಜೊತೆ ವೀಸಾವೂ ಹೋಗುತ್ತದೆ.

ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕಾಗಲಿ ತೋಟೆಯಾಗಲಿ ಇಟ್ಟುಕೊಳ್ಳುವಂತಿಲ್ಲ. ಇದಕ್ಕಿರುವ ವಿನಾಯಿತಿಗಳಲ್ಲಿ ನಿಮಗೆ ಒದಗುವುದು ಒಂದು: ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ‘ಇಟ್ಟುಕೊಳ್ಳುವುದು’ ಅಂದರೆ ಕೊಂಡು ಮನೆಯಲ್ಲಿಡುವುದಷ್ಟೇ ಅಲ್ಲ. ಗೆಳೆಯನ ರೈಫಲ್ಲನ್ನು ಶೂಟಿಂಗ್ ರೇಂಜಿನಲ್ಲಿ ಹತ್ತು ನಿಮಿಷ ಕೈಗೆ ತೆಗೆದುಕೊಂಡರೂ ಅದೇ ಲೆಕ್ಕ. ಆದ್ದರಿಂದ ಲೈಸೆನ್ಸ್ ಮೊದಲು, ಅಭ್ಯಾಸ ಆಮೇಲೆ. ಅರಿಜೋನಾದ ಲೈಸೆನ್ಸ್ ಕೊಂಡ ದಿನದಿಂದ 365 ದಿನ ನಡೆಯುತ್ತದೆ. ಅವಧಿ ಮುಗಿದ ದಿನವೇ ವಿನಾಯಿತಿಯೂ ಮುಗಿಯುತ್ತದೆ, ಮನೆಯ ಬೀರುವಿನಲ್ಲಿ ರೈಫಲ್ ಇದ್ದರೆ ಅಂದಿನಿಂದ ಅದು ಅಪರಾಧ. ಫೋನಿನಲ್ಲಿ ಒಂದು ತಿಂಗಳು ಮುಂಚೆಯೇ ಅಲಾರಂ ಇಟ್ಟುಕೊಳ್ಳಿ. ರೈಫಲ್ ಕೊಳ್ಳುವಾಗ ಅಂಗಡಿಯಲ್ಲಿ ತುಂಬಿಸುವ ಫಾರ್ಮಿನಲ್ಲಿ ವೀಸಾ ಬಗ್ಗೆ ಕೇಳುತ್ತಾರೆ, ನಿಜ ಬರೆದು ಲೈಸೆನ್ಸ್ ತೋರಿಸಬೇಕು. ಅದಕ್ಕೂ ಮುಂಚೆ ನಿಮ್ಮ ವಲಸೆ ವಕೀಲರ ಹತ್ತಿರ ಒಂದು ಮಾತು ಕೇಳಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಾಪತ್ರಯವಿಲ್ಲ. ಬಿಲ್ಲು-ಬಾಣ ಈ ಕಾನೂನಿನ ಲೆಕ್ಕಕ್ಕೆ ಬಂದೂಕಲ್ಲ, ಹಾಗಾಗಿ ವೀಸಾದವರಲ್ಲಿ ಅನೇಕರು ಬಿಲ್ಲಿನ ಕಡೆ ವಾಲುತ್ತಾರೆ. ಆದರೆ ಮೊದಲ ವರ್ಷವೇ ಬಿಲ್ಲು ಬೇಡ. ಅದು ಇನ್ನೂ ಕಷ್ಟದ ವಿದ್ಯೆ.

ಊರಿನಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ಅಪರಾಧ ಎಂದು ಕಂಡು ಬೆಳೆದವರಿಗೆ ಇಲ್ಲಿನ ವ್ಯವಸ್ಥೆ ವಿಚಿತ್ರ ಅನ್ನಿಸಬಹುದು. ಎಲ್ಕ್, ಅಂದರೆ ಕಡವೆಯಂಥ ದೊಡ್ಡ ಜಿಂಕೆ, ಇಲ್ಲಿ ಒಮ್ಮೆ ಪೂರ್ತಿ ಅಳಿದಿತ್ತು. 1913ರ ಫೆಬ್ರವರಿಯಲ್ಲಿ ಯೆಲ್ಲೋಸ್ಟೋನ್‌ನಿಂದ ತಂದ 83 ಎಲ್ಕ್‌ಗಳನ್ನು ಶೆವಲಾನ್ ಹಳ್ಳದ ಹತ್ತಿರ ಬಿಟ್ಟರು, ಈಗಿನ ಹಿಂಡುಗಳು ಅಲ್ಲಿಂದ ಬೆಳೆದವು. ಎಲ್ಲಿ, ಯಾವಾಗ, ಗಂಡೋ ಹೆಣ್ಣೋ, ಎಷ್ಟು ಹೊಡೆಯಬಹುದು ಎಂದು ಅರಿಜೋನಾ ಗೇಮ್ ಅಂಡ್ ಫಿಶ್ ಇಲಾಖೆ ಪ್ರತಿ ವರ್ಷ ನಿಗದಿ ಮಾಡಿ ಟ್ಯಾಗ್ ಹಂಚುತ್ತದೆ. ಟ್ಯಾಗ್ ಅಂದರೆ ಒಂದು ಪ್ರಾಣಿಗೆ ಒಂದು ಪರವಾನಗಿ, ಇಂಥ ಯೂನಿಟ್ಟಿನಲ್ಲಿ (ಇಲಾಖೆ ಗುರುತಿಸಿದ ಬೇಟೆ ವಲಯ), ಇಂಥ ದಿನಗಳಲ್ಲಿ ಮಾತ್ರ. ರೈಫಲ್ಲಿನ ಟ್ಯಾಗ್ ಬೇಕಾದರೆ ಬಹುಮಟ್ಟಿಗೆ ಲಾಟರಿಯೇ ಗತಿ.

ಲಾಟರಿಗೆ ಎಲ್ಕ್ ಅರ್ಜಿ ಸಾಮಾನ್ಯವಾಗಿ ಫೆಬ್ರವರಿಯ ಮೊದಲ ದಿನಗಳಲ್ಲಿ, ಜಿಂಕೆಯದು ಜೂನ್ ಮೊದಲ ದಿನಗಳಲ್ಲಿ ಮುಗಿಯುತ್ತದೆ. ಆ ಕೊನೆಯ ದಿನ ನಿಮ್ಮ ಲೈಸೆನ್ಸ್ ಚಾಲ್ತಿಯಲ್ಲಿರಬೇಕು. ಸಿಗದಿದ್ದರೆ ಒಂದು ಬೋನಸ್ ಪಾಯಿಂಟ್ ಜಮಾ ಆಗುತ್ತದೆ. ಒಂದೊಂದು ಪಾಯಿಂಟಿಗೂ ಲಾಟರಿಯಲ್ಲಿ ಒಂದೊಂದು ಹೆಚ್ಚುವರಿ ಸಂಖ್ಯೆ ಬೀಳುತ್ತದೆ, ಅದರಲ್ಲಿ ಅತಿ ಚಿಕ್ಕದನ್ನು ನಿಮ್ಮದೆಂದು ಇಟ್ಟುಕೊಳ್ಳುತ್ತಾರೆ. ಜೊತೆಗೆ ಶೇ. 20ರಷ್ಟು ಟ್ಯಾಗ್‌ಗಳು ಅತಿ ಹೆಚ್ಚು ಪಾಯಿಂಟ್ ಇದ್ದವರಿಗೆ ಮೀಸಲು. ದೊಡ್ಡವರಿಗೆ ಕಡ್ಡಾಯವಲ್ಲದಿದ್ದರೂ ಇಲಾಖೆಯ ಹಂಟರ್ ಎಜುಕೇಷನ್ ಕೋರ್ಸ್ ಮಾಡಿ. ಒಂದು ಶಾಶ್ವತ ಪಾಯಿಂಟ್ ಸಿಗುತ್ತದೆ, ಮೇಲಾಗಿ ನಿಮ್ಮಂಥ ಹೊಸಬರಿಗೆ ಪಾಠವೇ ಬೇಕು. ಗುಂಪಿನಲ್ಲಿ ನಾಲ್ಕು ಜನರವರೆಗೆ ಒಟ್ಟಿಗೆ ಅರ್ಜಿ ಹಾಕಬಹುದು, ಸಿಕ್ಕರೆ ಎಲ್ಲರಿಗೂ ಸಿಗುತ್ತದೆ, ಆದರೆ ಪಾಯಿಂಟುಗಳನ್ನು ಸರಾಸರಿ ಮಾಡುತ್ತಾರೆ. ಹದಿನೈದು ಪಾಯಿಂಟ್ ಕೂಡಿಟ್ಟ ಗೆಳೆಯ ಸೊನ್ನೆ ಪಾಯಿಂಟಿನ ನಿಮ್ಮನ್ನು ಗುಂಪಿಗೆ ಕರೆದರೆ ಅದು ದೊಡ್ಡ ಮನಸ್ಸು ಎಂದು ತಿಳಿಯಿರಿ.

ಮೊದಲು ಯಾವುದಕ್ಕೆ ಅರ್ಜಿ? ಸೆಪ್ಟೆಂಬರಿನ ಗಂಡು ಎಲ್ಕ್ ಎಲ್ಲರ ಕನಸು, ಆ ಟ್ಯಾಗ್‌ಗೆ ಹತ್ತಿಪ್ಪತ್ತು ವರ್ಷ ಕಾದವರಿದ್ದಾರೆ. ಹೆಣ್ಣು ಎಲ್ಕ್‌ನ ಟ್ಯಾಗ್ ಅದಕ್ಕಿಂತ ಎಷ್ಟೋ ಸುಲಭ. ದಕ್ಷಿಣದ ಯೂನಿಟ್‌ಗಳಲ್ಲಿ ಅಕ್ಟೋಬರ್, ನವೆಂಬರಿನ ಕೂಸ್ ಜಿಂಕೆಯ (ಬಿಳಿಬಾಲದ ಚಿಕ್ಕ ಜಿಂಕೆ) ಟ್ಯಾಗ್ ಇನ್ನೂ ಸುಲಭ. ಡಿಸೆಂಬರಿನ ಕೊನೆಯದು ಮತ್ತೆ ಕಷ್ಟ, ಏಕೆಂದರೆ ಗಂಡು ಜಿಂಕೆಗಳು ಬೆದೆಯ ಅಮಲಿಗೆ ಬರುವುದು ಆಗ. ನಿಮಗೆ ನನ್ನ ಸಲಹೆ, ನವೆಂಬರಿನ ಕೂಸ್. ಚಳಿ ಹಿಡಿದಿರುತ್ತದೆ, ಮಾಂಸ ಉಳಿಯುತ್ತದೆ, ಪ್ರಾಣಿಯನ್ನು ಒಬ್ಬರೇ ಹೊತ್ತು ತರಬಹುದು. ಎಲ್ಕ್ ಎರಡನೆಯ ವರ್ಷಕ್ಕಿರಲಿ.

ಅಪಾಚೆ, ನವಾಹೊ, ಹುವಾಲಪೈ ಮುಂತಾದ ಬುಡಕಟ್ಟುಗಳ ನೆಲದಲ್ಲಿ ರಾಜ್ಯದ ಟ್ಯಾಗ್ ನಡೆಯುವುದಿಲ್ಲ, ಅಲ್ಲಿ ಅವರದೇ ಪರವಾನಗಿ. ಬೇಲಿ ಇಲ್ಲದ ಕಡೆ ಗಡಿ ಗೊತ್ತಾಗುವುದಿಲ್ಲ, ಆದ್ದರಿಂದ ಭೂಮಿ ಯಾರದೆಂದು ತೋರಿಸುವ ಆನ್‌ಎಕ್ಸ್‌ನಂಥ ನಕ್ಷೆಯನ್ನು ಮನೆಯಲ್ಲೇ ಫೋನಿಗೆ ಇಳಿಸಿಕೊಳ್ಳಿ. ಬೆಟ್ಟದಲ್ಲಿ ಸಿಗ್ನಲ್ ಇರುವುದಿಲ್ಲ.

ಈಗ ಪ್ರಾಣಿಗಳ ವಿಷಯ. ಈ ಜಿಂಕೆಗೆ ಹೆಸರು ಬಂದದ್ದು ಎಲಿಯಟ್ ಕೌಸ್ ಎಂಬ ಸೇನಾ ವೈದ್ಯ ಹಾಗೂ ನಿಸರ್ಗ ವಿಜ್ಞಾನಿಯಿಂದ. ಆತ ತನ್ನ ಹೆಸರನ್ನು ‘ಕೌಸ್’ ಅನ್ನುತ್ತಿದ್ದ, ಬೇಟೆಗಾರರು ಬಹುತೇಕ ‘ಕೂಸ್’ ಅನ್ನುತ್ತಾರೆ. ಗಾತ್ರದಲ್ಲಿ ಅದು ನಿಜಕ್ಕೂ ಕೂಸೇ. ಗಂಡು 125 ಪೌಂಡ್, ಅಂದರೆ 57 ಕಿಲೋ ದಾಟುವುದು ಅಪರೂಪ. ಹೆಣ್ಣು ಸರಾಸರಿ 65 ಪೌಂಡ್, 30 ಕಿಲೋ. ನಾಗರಹೊಳೆಯಲ್ಲಿ ರಸ್ತೆ ದಾಟುವ ಗಂಡು ಚುಕ್ಕೆ ಜಿಂಕೆ ಇದರ ಮುಂದೆ ದೊಡ್ಡಣ್ಣ. ಎಲ್ಕ್ ಬೇರೆಯದೇ ಲೋಕ: ಕಡವೆಯ ದೂರದ ನೆಂಟ, ಅದಕ್ಕಿಂತ ದೊಡ್ಡದು. ಬೆಳೆದ ಗಂಡು 300 ಕಿಲೋ ಮೀರುತ್ತದೆ, ಹೆಣ್ಣು 220 ಕಿಲೋ ಆಸುಪಾಸು. ಇವೆರಡರ ನಡುವೆ ಮ್ಯೂಲ್ ಜಿಂಕೆ ಇದೆ, ಹೇಸರಗತ್ತೆಯ ಕಿವಿಯದು.

ಮ್ಯೂಲ್ ಜಿಂಕೆಯನ್ನು ಗುರುತಿಸಲು ಕಲಿಯಲೇಬೇಕು. ನಿಮ್ಮ ಟ್ಯಾಗಿನಲ್ಲಿ ‘ಬಿಳಿಬಾಲದ ಕೊಂಬಿನ ಜಿಂಕೆ’ ಎಂದಿದ್ದು ನೀವು ಹೊಡೆದದ್ದು ಮ್ಯೂಲ್ ಆದರೆ ಅದು ತಪ್ಪಲ್ಲ, ಅಪರಾಧ. ಕೂಸ್ ಬಿಳಿಬಾಲದ ಜಿಂಕೆಯ ಒಳಜಾತಿ: ಬಾಲ ಅಗಲ, ಓಡುವಾಗ ಎತ್ತಿದರೆ ಬಿಳಿ ಬಾವುಟ. ಮ್ಯೂಲ್ ಜಿಂಕೆಯ ಬಾಲ ಹಗ್ಗದಂತೆ ಸಣ್ಣ, ತುದಿ ಕಪ್ಪು. ಕೊಂಬು ನೋಡಿ: ಕೂಸ್‌ನಲ್ಲಿ ಒಂದು ಮುಖ್ಯ ಕಾಂಡ ಮುಂದಕ್ಕೆ ಬಾಗಿ ಅದರಿಂದ ಕವಲುಗಳು ನೇರ ಮೇಲೇಳುತ್ತವೆ, ಮ್ಯೂಲ್‌ನಲ್ಲಿ ಕಾಂಡವೇ ಕವೆಗೋಲಿನಂತೆ ಒಡೆದು ಮತ್ತೆ ಒಡೆಯುತ್ತದೆ. ಹೆದರಿದಾಗ ಮ್ಯೂಲ್ ನಾಲ್ಕೂ ಕಾಲು ಒಟ್ಟಿಗೆ ನೆಲಕ್ಕೆ ಕುಟ್ಟಿ ಚೆಂಡಿನಂತೆ ಪುಟಿಯುತ್ತ ಹೋಗುತ್ತದೆ.

ದಕ್ಷಿಣ ಅರಿಜೋನಾದಲ್ಲಿ ಬಯಲು ಮರುಭೂಮಿಯ ನಡುವೆ ಒಂಟೊಂಟಿ ಬೆಟ್ಟ ಸಾಲುಗಳು ಎದ್ದಿವೆ: ಸಾಂತಾ ರೀಟಾ, ವಾಚೂಕಾ, ಚಿರಿಕಾವಾ, ಗಲಿಯೂರೊ, ಕ್ಯಾಟಲಿನಾ. ಇವನ್ನು ಆಕಾಶ ದ್ವೀಪ ಅನ್ನುತ್ತಾರೆ. ಬುಡದಲ್ಲಿ ಸಗ್ವಾರೊ ಕಳ್ಳಿ, ಮೇಲೆ ಓಕ್ ಮರ, ಹುಲ್ಲು, ಜೂನಿಪರ್, ತುದಿಯಲ್ಲಿ ಪೈನ್. ಕೂಸ್ ಜಿಂಕೆಗೆ ಇಷ್ಟವಾದದ್ದು ನಡುವಿನ ಪಟ್ಟಿ, ಸುಮಾರು 4,000ದಿಂದ 6,500 ಅಡಿ, ಓಕ್ ಮತ್ತು ಹುಲ್ಲು ಬೆರೆತ ಕಡಿದಾದ ಓರೆ. ಮ್ಯೂಲ್ ಜಿಂಕೆ ಕೆಳಗಿನ ಬಯಲು, ಗುಡ್ಡದ ಪಾದದಲ್ಲಿ. ಎಲ್ಕ್ ಈ ದ್ವೀಪಗಳಲ್ಲಿಲ್ಲ. ಅದಕ್ಕೆ ನೀವು ಉತ್ತರಕ್ಕೆ, ಮೊಗಿಯೋನ್ ರಿಮ್ ಎಂಬ ಕಡಿಬಂಡೆಯ ಅಂಚು, ವೈಟ್ ಮೌಂಟನ್ಸ್, ಗ್ರ್ಯಾಂಡ್ ಕ್ಯಾನಿಯನ್ ದಕ್ಷಿಣದ ಕಾಡಿನ ಕಡೆ ಹೋಗಬೇಕು. ಬೇಸಿಗೆಯಲ್ಲಿ 7,000 ಅಡಿಯ ಮೇಲಿನ ಪೈನ್ ಕಾಡಿನಲ್ಲಿರುವ ಎಲ್ಕ್, ಹಿಮ ಬಿದ್ದರೆ ಕೆಳಗಿನ ಪಿನ್ಯೋನ್-ಜೂನಿಪರ್ ಕುರುಚಲಿಗೆ ಇಳಿಯುತ್ತದೆ.

‘ಕಲ್ಲು, ಕಳ್ಳಿ ಬಿಟ್ಟು ಏನೂ ಕಾಣುವುದಿಲ್ಲ’ ಎಂದಿರಲ್ಲ, ಹೊಸಬರೆಲ್ಲ ಹೇಳುವುದು ಇದನ್ನೇ. ಮಲೆನಾಡಿನ ಕಾಡಿನಲ್ಲಿ ಪ್ರಾಣಿ ಕಾಣಬೇಕಾದರೆ ನಡೆಯಬೇಕು ಅಥವಾ ಒಂದೆಡೆ ಹೊಂಚಬೇಕು. ಇಲ್ಲಿ ನಡೆದರೆ ಕೆಟ್ಟಿರಿ. ಜಾರುಕಲ್ಲಿನ ಸದ್ದು ಆಚೆ ಕಣಿವೆಗೂ ಕೇಳುತ್ತದೆ, ನೀವು ಏಣಿನ ಮೇಲೆ ತಲೆ ಎತ್ತಿದ ಕೂಡಲೇ ಎದುರು ಓರೆಯ ಜಿಂಕೆ ನಿಮ್ಮನ್ನು ನೋಡಿರುತ್ತದೆ. ಇಲ್ಲಿನ ಬೇಟೆ ಎಂಬತ್ತು ಭಾಗ ಕೂತು ದುರ್ಬೀನಿನಲ್ಲಿ ಹುಡುಕುವುದು. ಇದಕ್ಕೆ ‘ಗ್ಲಾಸಿಂಗ್’ ಅನ್ನುತ್ತಾರೆ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ರೈಫಲ್ಲಿಗೆ ಕಡಿಮೆ ಹಾಕಿ, ದುರ್ಬೀನು ಮತ್ತು ಟ್ರೈಪಾಡಿಗೆ ಹೆಚ್ಚು ಹಾಕಿ. ಕೊರಳಿಗೆ 10x42, ಅಂದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಗಾಜಿನ ದುರ್ಬೀನು. ಕೂಸ್ ಬೇಟೆಯವರು ಇದರ ಜೊತೆ ಟ್ರೈಪಾಡ್ ಮೇಲೆ 15x56 ಇಡುತ್ತಾರೆ. ಟ್ರೈಪಾಡ್ ಇಲ್ಲದ 15x ಕೈ ನಡುಗಿ ದಂಡ, ಅದೇ ಟ್ರೈಪಾಡ್ ಮೇಲಿನ 10x ಕೈಯಲ್ಲಿ ಹಿಡಿದ 15xಗಿಂತ ಎರಡು ಪಟ್ಟು ಜಿಂಕೆ ತೋರಿಸುತ್ತದೆ. ಕೂರಲು ಒಂದು ದಪ್ಪ ಫೋಮ್ ಪ್ಯಾಡ್ ಮರೆಯಬೇಡಿ. ಅಂಡು ನೋವು ಬಂದವನ ಕಣ್ಣು ಹತ್ತು ನಿಮಿಷದಲ್ಲಿ ಸೋಲುತ್ತದೆ.

ಬೆಳಕು ಹರಿಯುವ ಮುಕ್ಕಾಲು ಗಂಟೆ ಮುಂಚೆ ಜಾಗದಲ್ಲಿರಿ. ಸೂರ್ಯ ಬೆನ್ನಿಗಿರಬೇಕು, ಎದುರಿನ ಓರೆ ಬೆಳಗಬೇಕು. ಆಕಾಶದ ಎದುರು ಆಕಾರ ಮೂಡದಂತೆ ಏಣಿನ ತುದಿಯಿಂದ ನಾಲ್ಕು ಮಾರು ಕೆಳಗೆ, ಬಂಡೆಗೋ ಪೊದೆಗೋ ಬೆನ್ನು ಕೊಟ್ಟು ಕೂರಿ. ಮೊದಲ ಹತ್ತು ನಿಮಿಷ ಬರಿಗಣ್ಣು ಮತ್ತು 10x, ಬಯಲಲ್ಲಿ ಮೇಯುತ್ತಿರುವುದು ಆಗಲೇ ಸಿಗುತ್ತದೆ. ಆಮೇಲೆ ಟ್ರೈಪಾಡ್. ಓರೆಯನ್ನು ಹೊಲದ ಸಾಲಿನಂತೆ ಭಾಗಿಸಿ, ಎಡದಿಂದ ಬಲಕ್ಕೆ ಒಂದು ಸಾಲು, ಸ್ವಲ್ಪ ಇಳಿಸಿ ಬಲದಿಂದ ಎಡಕ್ಕೆ ಇನ್ನೊಂದು. ದುರ್ಬೀನನ್ನು ಎಳೆಯುತ್ತ ನೋಡಬೇಡಿ. ನಿಲ್ಲಿಸಿ, ಆ ವೃತ್ತದೊಳಗೆ ಕಣ್ಣು ಮಾತ್ರ ಆಡಿಸಿ, ಎಂಟ್ಹತ್ತು ಸೆಕೆಂಡ್ ಬಿಟ್ಟು ಮುಂದಿನದು.

ನೀವು ಹುಡುಕುತ್ತಿರುವುದು ಜಿಂಕೆಯನ್ನಲ್ಲ, ಜಿಂಕೆಯ ತುಂಡನ್ನು. ಪೊದೆಗಳೆಲ್ಲ ಮೇಲ್ಮುಖ ಬೆಳೆದಿರುತ್ತವೆ, ನಡುವೆ ಒಂದು ಅಡ್ಡಗೆರೆ ಕಂಡರೆ ಅದು ಬೆನ್ನಿರಬಹುದು. ಒಣ ಹುಲ್ಲಿನಲ್ಲಿ ಕಿವಿಯ ಒಂದು ಮಿಡಿತ. ಓಕ್ ಎಲೆಯ ಸಂದಿನಲ್ಲಿ ಮೂಗಿನ ಒದ್ದೆ ಕಪ್ಪು. ಕೂಸ್ ಬೂದಿ ಬಣ್ಣದ್ದು, ಮಲಗಿದರೆ ಗ್ರಾನೈಟ್ ಕಲ್ಲೇ. ಒಂದನ್ನು ಕಂಡರೆ ಅಲ್ಲೇ ನಿಲ್ಲಿ, ಸುತ್ತ ಇನ್ನೂ ಎರಡು ಇರುತ್ತವೆ.

ಎಂಟೂವರೆಗೆ ಎದ್ದು ಕ್ಯಾಂಪಿಗೆ ಹೋಗುವುದು ಹೊಸಬರ ದೊಡ್ಡ ತಪ್ಪು. ಬಿಸಿಲೇರಿದಾಗ ಜಿಂಕೆ ನೆರಳಿಗೆ, ಹೆಚ್ಚಾಗಿ ಉತ್ತರ ಮುಖದ ಓರೆಯ ಪೊದೆಯಡಿ, ಮಲಗುತ್ತದೆ. ಆದರೆ ನೆರಳು ನಿಂತಲ್ಲಿ ನಿಲ್ಲುವುದಿಲ್ಲ. ಹತ್ತರಿಂದ ಮಧ್ಯಾಹ್ನದೊಳಗೆ ಮೈಮೇಲೆ ಬಿಸಿಲು ಬಿದ್ದಾಗ ಅದು ಎದ್ದು, ಮೈ ಮುರಿದು, ಎರಡು ಬಾಯಿ ಮೇದು, ಐದಾರು ಗಜ ಸರಿದು ಮತ್ತೆ ಕೂರುತ್ತದೆ. ಆ ಅರ್ಧ ನಿಮಿಷಕ್ಕಾಗಿಯೇ ಗಂಟೆಗಟ್ಟಲೆ ನೆರಳಿನ ಅಂಚನ್ನೇ ನೋಡುತ್ತ ಕೂರುವುದು. ದೊಡ್ಡ ಗಂಡುಗಳು ಸಿಗುವುದು ಬಹಳ ಸಲ ಈ ಹೊತ್ತಿನಲ್ಲೇ, ಉಳಿದವರು ಕ್ಯಾಂಪಿನಲ್ಲಿ ಕಾಫಿ ಕುಡಿಯುವಾಗ.

ನೀರಿನ ಬಗ್ಗೆ ಎರಡು ಮಾತು. ನಕ್ಷೆಯಲ್ಲಿ ‘ಟ್ಯಾಂಕ್’ ಎಂದು ಎಲ್ಲೆಡೆ ಬರೆದಿರುತ್ತದೆ. ಸಿಮೆಂಟ್ ತೊಟ್ಟಿ ಹುಡುಕಬೇಡಿ, ದನಗಳಿಗೆಂದು ಮಣ್ಣಿನ ಏರಿ ಹಾಕಿದ ಸಣ್ಣ ಕಟ್ಟೆ ಅದು. ಬ್ರಿಟಿಷರು ನಮ್ಮ ಕೆರೆಗಳಿಗೆ ಟ್ಯಾಂಕ್ ಎಂದರಲ್ಲ, ಹಾಗೆಯೇ. ಒಣ ವರ್ಷದಲ್ಲಿ ಎಲ್ಕ್ ಬಹುತೇಕ ದಿನಾ ನೀರಿಗೆ ಬರುತ್ತದೆ, ಏರಿಯ ಕೆಸರಿನಲ್ಲಿ ದನದ ಗೊರಸಿಗಿಂತ ಚೂರು ಕಿರಿದಾದ, ಅಂಚು ಹರಿತವಾದ ಹೆಜ್ಜೆ ಸಿಕ್ಕರೆ ಅಲ್ಲಿ ಕಾಯಬಹುದು. ಆದರೆ ಜುಲೈಯಿಂದ ಸೆಪ್ಟೆಂಬರ್‌ವರೆಗಿನ ಇಲ್ಲಿನ ಮುಂಗಾರು ಚೆನ್ನಾಗಿ ಸುರಿದಿದ್ದರೆ ಬಂಡೆಯ ಗುಳಿಗಳಲ್ಲೆಲ್ಲ ನೀರು, ಕಟ್ಟೆ ಬಳಿ ಕೂತವನಿಗೆ ಸೊಳ್ಳೆ ಮಾತ್ರ. ನೀರಿನ ಬಳಿ ಕ್ಯಾಂಪ್ ಹಾಕುವಂತಿಲ್ಲ: ಪ್ರಾಣಿಗಳಿಗೆ ಸಿಗುವ ಒಂದೇ ನೀರಾಗಿದ್ದು ನೀವು ಅದನ್ನು ತಡೆಯುವಂತಿದ್ದರೆ ಕಾಲು ಮೈಲಿ ದೂರ ಇರಬೇಕೆಂದು ಕಾನೂನು. ಬೇಟೆಗಾಗಿ ಮರಕ್ಕೆ ಕ್ಯಾಮೆರಾ ಕಟ್ಟುವುದು 2022ರ ಜನವರಿ 1ರಿಂದ ನಿಷೇಧ. ಹಳೆಯ ವಿಡಿಯೋ ನೋಡಿ ಕ್ಯಾಮೆರಾ ಕೊಂಡುಬಿಡಬೇಡಿ.

ಕಂಡ ಜಿಂಕೆ 800 ಗಜದಲ್ಲಿದೆ, ನೀವು 300 ಗಜಕ್ಕೆ ಹೋಗಬೇಕು. ಇಲ್ಲಿ ಆಟ ಕೆಡಿಸುವುದು ಗಾಳಿ. ಬೆಳಗಿನ ಜಾವ ತಣ್ಣನೆ ಗಾಳಿ ನೀರಿನಂತೆ ಕಣಿವೆಗೆ ಇಳಿಯುತ್ತಿರುತ್ತದೆ, ಓರೆಗೆ ಬಿಸಿಲು ಬಿದ್ದ ಮೇಲೆ ಏರತೊಡಗುತ್ತದೆ, ಸಂಜೆ ಮತ್ತೆ ಇಳಿತ. ಹಾಗಾಗಿ ಬೆಳಿಗ್ಗೆ ಬೇಗ ಆದರೆ ಕೆಳಗಿನಿಂದ, ಬಿಸಿಲೇರಿದ ಮೇಲೆ ಆದರೆ ಮೇಲಿನಿಂದ ಹತ್ತಿರ ಹೋಗಬೇಕು. ಕಷ್ಟವಿರುವುದು ದಿಕ್ಕು ಬದಲಾಗುವ ಮುಕ್ಕಾಲು ಗಂಟೆಯಲ್ಲಿ. ಆಗ ಗಾಳಿ ಸುಳಿಯುತ್ತದೆ, ಯಾವ ದಾರಿಯೂ ಸರಿಯಲ್ಲ. ಕೂತಿರಿ. ಟಾಲ್ಕಂ ಪೌಡರಿನ ಪುಟ್ಟ ಪಿಚಕಾರಿ ಬಾಟಲಿ ಜೇಬಿನಲ್ಲಿರಲಿ, ಐದು ನಿಮಿಷಕ್ಕೊಮ್ಮೆ ಒತ್ತಿ ನೋಡಿ. ಹೊರಡುವ ಮುಂಚೆ ಜಿಂಕೆ ಇರುವ ಜಾಗವನ್ನು ಫೋನಿನಲ್ಲಿ ಫೋಟೋ ತೆಗೆದು ಗುರುತು ಹಾಕಿ: ‘ಬಿಳಿ ಬಂಡೆ, ಅದರ ಬಲಕ್ಕೆ ಒಣಗಿದ ಮರ, ಕೆಳಗೆ ಎರಡು ಜೂನಿಪರ್’. ಕಣಿವೆ ದಾಟಿ ಆಚೆ ಹತ್ತಿದರೆ ಎಲ್ಲ ಜೂನಿಪರ್‌ಗಳೂ ಒಂದೇ ಥರ.

ದಾರಿಯಲ್ಲಿ ನಿಮ್ಮನ್ನು ಕಚ್ಚುವುದು ಗಿಡಗಳು. ಚೋಯ ಎಂಬ ಕಳ್ಳಿ ಮುಟ್ಟಿದರೆ ಒಂದು ಉಂಡೆಯೇ ಕಿತ್ತು ಬಂದು ಚರ್ಮಕ್ಕೆ ಅಂಟುತ್ತದೆ. ಕೈಯಿಂದ ಕೀಳಲು ಹೋದರೆ ಕೈಗೂ ಅಂಟುತ್ತದೆ. ಒಂದು ಬಾಚಣಿಗೆ ಇಟ್ಟುಕೊಂಡಿರಿ, ಉಂಡೆಯ ಅಡಿಗೆ ತೂರಿಸಿ ಮೈಯಿಂದಾಚೆಗೆ ಜೋರಾಗಿ ಚಿಮ್ಮಿಸಿ. ಬೆಟ್ಟದ ಹುಲ್ಲಿನಲ್ಲಿ ಅಡಗಿರುವ ಮೊಣಕಾಲೆತ್ತರದ ಕತ್ತಾಳೆ ಇನ್ನೊಂದು, ಅದರ ಹೆಸರೇ ಕಣಕಾಲಿನ ಕಠಾರಿ. ಕತ್ತಾಳೆ ನಮ್ಮ ಬೇಲಿಗಳಿಗೆ ಬಂದದ್ದು ಈ ಸೀಮೆಯ ಕಡೆಯಿಂದಲೇ, ಇಲ್ಲಿ ಬೇಲಿಯಿಲ್ಲದೆ ಗುಡ್ಡವೆಲ್ಲ ಅದೇ. ದಪ್ಪ ಪ್ಯಾಂಟು, ಕಣಕಾಲು ಮುಚ್ಚುವ ಬೂಟು, ಚರ್ಮದ ಗ್ಲೌಸ್. ನೀರು ಒಬ್ಬರಿಗೆ ದಿನಕ್ಕೆ ಕನಿಷ್ಠ 4 ಲೀಟರ್, ಅಕ್ಟೋಬರಿನಲ್ಲಿ 6. ಕಾರನ್ನು ಒಣಹಳ್ಳದಲ್ಲಿ ನಿಲ್ಲಿಸಬೇಡಿ, ಇಪ್ಪತ್ತು ಮೈಲಿ ಆಚೆ ಬಿದ್ದ ಮಳೆ ಇಲ್ಲಿ ಗೋಡೆಯಂತೆ ಬರುತ್ತದೆ. ಕೇಸರಿ ಬಟ್ಟೆ ಅರಿಜೋನಾದಲ್ಲಿ ಕಡ್ಡಾಯವಲ್ಲ, ಆದರೂ ಹಾಕಿ. ಜಿಂಕೆಗೆ ಕೇಸರಿ ಎದ್ದು ಕಾಣುವುದಿಲ್ಲ, ಇನ್ನೊಬ್ಬ ಬೇಟೆಗಾರನಿಗೆ ಕಾಣುತ್ತದೆ.

ರೈಫಲ್ ವಿಷಯದಲ್ಲಿ ಅಂಗಡಿಯವರು ತಲೆ ಕೆಡಿಸುತ್ತಾರೆ. ತೋಟೆಯ ಅಳತೆಗಳಲ್ಲಿ .270 ವಿಂಚೆಸ್ಟರ್, .308, .30-06 ಯಾವುದಾದರೂ ಎರಡೂ ಪ್ರಾಣಿಗೆ ಸಾಕು. 6.5 ಕ್ರೀಡ್‌ಮೂರ್ ಕೂಸ್‌ಗೆ ಸೊಗಸು, ಎಲ್ಕ್‌ಗೆ ಗಟ್ಟಿ ಗುಂಡು ಮತ್ತು ಹತ್ತಿರದ ದೂರ ಬೇಕು. ಉತ್ತರದ ಕೈಬಾಬ್ ಕಡೆ, 12 ಮತ್ತು 13ನೇ ಯೂನಿಟ್‌ಗಳಲ್ಲಿ, ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ರಣಹದ್ದುಗಳಿವೆ. ಸೀಸದ ಚೂರಿರುವ ಕರುಳು ತಿಂದು ಅವು ಸಾಯುತ್ತವೆ, ಅದಕ್ಕೆ ಅಲ್ಲಿ ತಾಮ್ರದ ಗುಂಡು ಬಳಸಿ ಎಂದು ಇಲಾಖೆ ಕೇಳಿಕೊಳ್ಳುತ್ತದೆ. ಕಡ್ಡಾಯವಲ್ಲ, ಆದರೆ ಮಾಡಿ.

200 ಗಜಕ್ಕೆ ಗುರಿ ಹೊಂದಿಸಿದ .270 ಗುಂಡು 300 ಗಜದಲ್ಲಿ ಆರೇಳು ಇಂಚು, 400ರಲ್ಲಿ ಹತ್ತಿರ ಹತ್ತಿರ 20 ಇಂಚು ಕೆಳಗೆ ಬೀಳುತ್ತದೆ. ಕೂಸ್‌ನ ಎದೆಯ ಮರ್ಮಸ್ಥಾನ ಅಂಗೈ ಅಗಲಿಸಿದಷ್ಟು, ಆರೇಳು ಇಂಚು. ಆದ್ದರಿಂದ ದೂರ ಅಂದಾಜು ಮಾಡಬೇಡಿ, ರೇಂಜ್‌ಫೈಂಡರ್ ಇಡಿ, ಅದೂ ಕೋನ ಲೆಕ್ಕ ಹಾಕುವಂಥದ್ದು. ಗುಂಡಿನ ಮೇಲೆ ಭೂಮಿಯ ಎಳೆತ ಅಡ್ಡದೂರಕ್ಕೆ ತಕ್ಕಂತೆ. 30 ಡಿಗ್ರಿ ಇಳಿಜಾರಿನಲ್ಲಿ 400 ಗಜ ಕಂಡರೆ 346 ಗಜದ ಲೆಕ್ಕದಲ್ಲಿ ಹೊಡೆಯಬೇಕು. ಇದನ್ನು ಮರೆತವರ ಗುಂಡು ಬೆನ್ನ ಮೇಲೆ ಹಾರಿಹೋಗುತ್ತದೆ. ಮೇಲೆ ಹೊಡೆಯಲಿ ಕೆಳಗೆ ಹೊಡೆಯಲಿ, ತಪ್ಪುವುದು ಎತ್ತರಕ್ಕೇ. ರೇಂಜಿನಲ್ಲಿ ಬೆಂಚಿನ ಮೇಲೆ ಮರಳು ಚೀಲವಿಟ್ಟು ಹೊಡೆದದ್ದು ಲೆಕ್ಕಕ್ಕಿಲ್ಲ. ನೆಲದಲ್ಲಿ ಕೂತು, ಟ್ರೈಪಾಡ್ ಅಥವಾ ಬ್ಯಾಗಿನ ಮೇಲೆ ಇಟ್ಟು, ಹತ್ತಕ್ಕೆ ಹತ್ತು ಆ ಅಂಗೈಯೊಳಗೆ ಬೀಳುವ ದೂರ ಎಷ್ಟೋ ಅಷ್ಟೇ ನಿಮ್ಮ ದೂರ. ಮೊದಲ ವರ್ಷ ಅದು 250 ಗಜ ಆದರೂ ನಾಚಿಕೆಯಿಲ್ಲ.

ಪ್ರಾಣಿ ಅಡ್ಡ ನಿಂತಾಗ, ಮುಂಗಾಲಿನ ಹಿಂದಿನ ಮಡಿಕೆಯ ನೇರಕ್ಕೆ, ಎದೆಯ ಕೆಳಗಿನಿಂದ ಮೂರನೇ ಒಂದು ಎತ್ತರದಲ್ಲಿ ಗುರಿ. ಓರೆಯಾಗಿ ಆಚೆಗೆ ತಿರುಗಿದ್ದರೆ ಆಚೆ ಬದಿಯ ಮುಂಗಾಲನ್ನು ಮನಸ್ಸಿನಲ್ಲಿಟ್ಟು ಹೊಡೆಯಿರಿ. ಎದುರು ಮುಖ, ಹಿಂಭಾಗ, ಓಟ, ಇವೆಲ್ಲ ಬಿಡಿ. ಈಡು ಹೊಡೆದ ಕೂಡಲೇ ಮತ್ತೆ ತೋಟೆ ತುಂಬಿ, ಅದು ಹೋದ ಕೊನೆಯ ಜಾಗ ನೋಡಿಟ್ಟುಕೊಳ್ಳಿ. ಅರ್ಧ ಗಂಟೆ ಕಾಯಿರಿ. ಜಾಡಿನಲ್ಲಿ ನೊರೆನೊರೆ ಗುಲಾಬಿ ರಕ್ತ ಇದ್ದರೆ ಶ್ವಾಸಕೋಶ, ನೂರು ಗಜದೊಳಗೆ ಬಿದ್ದಿರುತ್ತದೆ. ಗಾಢ ಕೆಂಪು ಯಕೃತ್ತು, ಕೆಲವು ಗಂಟೆ ಬಿಡಿ. ಹಸಿರು ಕಸದ ವಾಸನೆ ಬಂದರೆ ಹೊಟ್ಟೆ. ನಾಲ್ಕಾರು ಗಂಟೆ ಬಿಡದೆ ಹಿಂದೆ ಬಿದ್ದರೆ ಅದು ಮುಂದಿನ ಕಣಿವೆ ಸೇರುತ್ತದೆ, ಸಿಗುವುದೇ ಇಲ್ಲ. ಬಿಟ್ಟರೆ ಬಿಸಿಲಿಗೆ ಮಾಂಸ ಕೆಡುತ್ತದೆ. ಹೊಟ್ಟೆಯ ಈಡಿಗೆ ಒಳ್ಳೆಯ ಉತ್ತರವೇ ಇಲ್ಲ, ಅದಕ್ಕೇ ದೂರದ ಈಡು ಬೇಡ ಎಂದದ್ದು.

ಪ್ರಾಣಿ ಸಿಕ್ಕ ಕೂಡಲೇ ಟ್ಯಾಗ್ ಹಾಕಿ, ಫೋಟೋ ಆಮೇಲೆ. ಈಗ ಗಡಿಯಾರ ಓಡತೊಡಗುತ್ತದೆ. ಜಿಂಕೆಯ ಮೈ 38-39 ಡಿಗ್ರಿ ಸೆಲ್ಸಿಯಸ್, ದಪ್ಪ ತುಪ್ಪಳದ ಕಂಬಳಿ ಹೊದ್ದಿದೆ, ಹೊರಗೆ ಬಿಸಿಲು. ಮಾಂಸ ಕೆಡಲು ಶುರುವಾಗುವುದು ಹೊರಗಿನಿಂದಲ್ಲ, ಹಿಂದೊಡೆಯ ಮೂಳೆಯ ಪಕ್ಕದಿಂದ. ಹೊರಗೆ ಒಣಗಿ ಚೆನ್ನಾಗಿ ಕಾಣುತ್ತಿರುತ್ತದೆ, ಮನೆಯಲ್ಲಿ ಕೊಯ್ದರೆ ಮೂಳೆಯ ಸುತ್ತ ಬೂದು-ಹಸಿರು, ಹುಳಿ ನಾತ. ಎಲ್ಕ್‌ನಲ್ಲಿ ಇದು ಹೆಚ್ಚು, ತೊಡೆ ಅಷ್ಟು ದಪ್ಪ.

ಬೆಟ್ಟದಲ್ಲಿ ಹೊಟ್ಟೆ ಸೀಳದೆ ಮಾಂಸ ಬಿಡಿಸುವ ವಿಧಾನವೇ ಉತ್ತಮ. ಪ್ರಾಣಿಯನ್ನು ಮಗ್ಗುಲಿಗೆ ಮಲಗಿಸಿ, ಜಾರದಂತೆ ಕಾಲನ್ನು ಮರಕ್ಕೆ ಕಟ್ಟಿ. ಕುತ್ತಿಗೆಯಿಂದ ಬಾಲದವರೆಗೆ ಬೆನ್ನುಮೂಳೆಯ ಮೇಲೆ ಚರ್ಮ ಕೊಯ್ಯಿರಿ, ಅಲಗು ಮೇಲ್ಮುಖವಾಗಿರಲಿ, ಇಲ್ಲದಿದ್ದರೆ ಕೂದಲೆಲ್ಲ ಮಾಂಸಕ್ಕೆ. ಚರ್ಮವನ್ನು ಹೊಟ್ಟೆಯ ಕಡೆ ಬಿಡಿಸಿ ಹಾಸಿ, ಅದೇ ಚಾಪೆ. ಮುಂಗಾಲನ್ನು ಎತ್ತಿ ಹಿಡಿದು ಅಡಿಯಲ್ಲಿ ಕೊಯ್ಯುತ್ತ ಹೋಗಿ, ಅಲ್ಲಿ ಕೀಲೇ ಇಲ್ಲ, ಸ್ನಾಯು ಮಾತ್ರ, ಪೂರ್ತಿ ಬಿಟ್ಟು ಬರುತ್ತದೆ. ಹಿಂಗಾಲಿಗೆ ಸೊಂಟದ ಮೂಳೆಯನ್ನು ಚಾಕುವಿನ ತುದಿಯಿಂದ ಸವರುತ್ತ ಒಳಗೆ ಹೋಗಿ, ಗುಂಡು ಕೀಲು ಸಿಗುತ್ತದೆ, ಅದರ ನಡುವಿನ ಬಿಳಿ ನಾರು ಕತ್ತರಿಸಿದರೆ ಟಪ್ ಎಂದು ಬಿಡುತ್ತದೆ. ಆಮೇಲೆ ಬೆನ್ನುದ್ದದ ಮಾಂಸದ ಪಟ್ಟಿ, ಕುತ್ತಿಗೆ, ಪಕ್ಕೆಲುಬಿನ ನಡುವಿನದು. ಒಳಗಿನ ಮೆತ್ತನೆ ಸುರುಳಿ ಮಾಂಸವನ್ನು ಕೊನೆಯ ಪಕ್ಕೆಲುಬಿನ ಹಿಂದೆ ಕೈ ತೂರಿಸಿ, ಹೊಟ್ಟೆಯನ್ನು ಕೆಳಗೊತ್ತಿ ಬಿಡಿಸಿ. ಮಗುಚಿ ಇನ್ನೊಂದು ಬದಿ. ಗಂಡೋ ಹೆಣ್ಣೋ ಎಂದು ತೋರಿಸುವ ಗುರುತು ಮಾಂಸದ ಒಂದು ಭಾಗಕ್ಕೆ ಅಂಟಿಕೊಂಡೇ ಇರಬೇಕು, ದಾರಿಯಲ್ಲಿ ಅಧಿಕಾರಿ ಕೇಳುತ್ತಾರೆ. ಹೇಗೆಂದು ಆ ವರ್ಷದ ನಿಯಮ ಪುಸ್ತಕದಲ್ಲಿ ಓದಿಕೊಳ್ಳಿ. ತಿನ್ನುವಂಥ ಮಾಂಸವನ್ನು ಬಿಟ್ಟು ಕೊಂಬು ಮಾತ್ರ ತರುವುದು ಅಪರಾಧ.

ಮಾಂಸಕ್ಕೆ ಬಟ್ಟೆಯ ಗೇಮ್ ಬ್ಯಾಗ್ ಮಾತ್ರ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಬಿಸಿ ಒಳಗೇ ಉಳಿದು ಬೇಯುತ್ತದೆ. ಅಕ್ಟೋಬರಿನ ಬಿಸಿಲಿಗೆ ಹಿಂದೊಡೆಯ ಮೂಳೆಯನ್ನು ಅಲ್ಲೇ ತೆಗೆಯಿರಿ. ಚೀಲಗಳನ್ನು ಉತ್ತರ ಮುಖದ ನೆರಳಿನಲ್ಲಿ, ಕೊಂಬೆಗೆ, ಒಂದಕ್ಕೊಂದು ತಾಗದಂತೆ ತೂಗುಹಾಕಿ, ಗಾಳಿ ಆಡಿದರೆ ಅರ್ಧ ಗಂಟೆಯಲ್ಲಿ ಮೇಲ್ಮೈ ಒಣಗುತ್ತದೆ. ಒಣಗಿದ ಮೇಲ್ಮೈ ಮೇಲೆ ನೊಣ ಮೊಟ್ಟೆ ಇಡುವುದು ಕಷ್ಟ. ಕೂಸ್‌ನಿಂದ ಮೂಳೆ ತೆಗೆದ ಮಾಂಸ 15-20 ಕಿಲೋ, ಒಂದೇ ಹೊರೆ. ಹೆಣ್ಣು ಎಲ್ಕ್ ಅಂದರೆ ಸುಮಾರು 70 ಕಿಲೋ, ಗಂಡಾದರೆ 90-100. ಬೆನ್ನಿಗೆ 25 ಕಿಲೋ ಹೊತ್ತು ಬೆಟ್ಟ ಇಳಿಯುವುದೇ ಸಾಕಷ್ಟು. ರಸ್ತೆಯಿಂದ ಮೂರು ಮೈಲಿ ಒಳಗೆ ಗಂಡು ಎಲ್ಕ್ ಹೊಡೆದರೆ ನಾಲ್ಕು ಹೊರೆ, ಒಬ್ಬರೇ ಆದರೆ ಹೋಗಿ ಬಂದು 24 ಮೈಲಿ. ಹೊಡೆಯುವ ಮುಂಚೆ ಈ ಲೆಕ್ಕ ಹಾಕಿ, ಟ್ರಿಗರ್ ಎಳೆದ ಮೇಲೆ ಹಾಕಿದರೆ ತಡವಾಯಿತು.

ಕಾರಿನಲ್ಲಿ ಐಸ್ ಪೆಟ್ಟಿಗೆ ಕಾಯುತ್ತಿರಬೇಕು. ಕೂಸ್‌ಗೆ 60 ಕ್ವಾರ್ಟಿನದು (ಸುಮಾರು 57 ಲೀಟರ್) ಒಂದು, ಎಲ್ಕ್‌ಗೆ 100ರದು ಎರಡಾದರೂ. ಬಿಡಿ ಐಸ್ ಬದಲು ಒಂದು ಗ್ಯಾಲನ್ ನೀರಿನ ಕ್ಯಾನುಗಳನ್ನು ಮನೆಯಲ್ಲೇ ಗಟ್ಟಿಯಾಗಿ ಹೆಪ್ಪುಗಟ್ಟಿಸಿ ತನ್ನಿ. ಕರಗಿದ ನೀರು ಕ್ಯಾನಿನಲ್ಲೇ ಉಳಿಯುತ್ತದೆ, ಮಾಂಸ ನೆನೆಯುವುದಿಲ್ಲ, ಬಾಯಾರಿದರೆ ಕುಡಿಯಲೂ ಆಯಿತು. ಬಿಡಿ ಐಸೇ ಸಿಕ್ಕರೆ ಪೆಟ್ಟಿಗೆಯ ತಳದ ತೂತು ತೆರೆದಿಟ್ಟು, ಕಾರನ್ನು ಸ್ವಲ್ಪ ಇಳಿಜಾರಿಗೆ ನಿಲ್ಲಿಸಿ. ಬಿಸಿ ಮಾಂಸವನ್ನು ಪೆಟ್ಟಿಗೆಗೆ ಇಡಿಕಿರಿದು ತುಂಬಬೇಡಿ, ನಡುವೆ ಐಸ್ ಪದರ ಬರಲಿ. ಗುರಿ 4 ಡಿಗ್ರಿಗಿಂತ ಕೆಳಗೆ.

ಮನೆಯಲ್ಲಿ ಕೊಯ್ಯುವಾಗ ಬಿಳಿ ಕೊಬ್ಬನ್ನೆಲ್ಲ ತೆಗೆದುಬಿಡಿ. ಹಂದಿಯ ಕೊಬ್ಬಿನಂತಲ್ಲ, ಜಿಂಕೆಯದು ಬಾಯಲ್ಲಿ ಮೇಣದಂತೆ ಅಂಟುತ್ತದೆ, ‘ಕಾಡು ವಾಸನೆ’ ಎಂದು ಜನ ದೂರುವುದು ಬಹುಪಾಲು ಇದನ್ನೇ. ಬೆನ್ನಿನ ಪಟ್ಟಿಯನ್ನು ಜೋರು ಉರಿಯಲ್ಲಿ ಬೇಗ ಇಳಿಸಬೇಕು, ಕಾಲಿನ ನಾರು ಮಾಂಸವನ್ನು ಸಣ್ಣ ಉರಿಯಲ್ಲಿ ಮೂರು ಗಂಟೆ ಬಿಡಬೇಕು, ಖೀಮಾ ಆದರೆ ಒಳಗೂ 71 ಡಿಗ್ರಿ ಮುಟ್ಟಲಿ. ನೀವು ಕೊಡಗಿನವರಾದ್ದರಿಂದ ಮನೆಯಲ್ಲಿ ಕಾಚಂಪುಳಿ ಇದ್ದೇ ಇರುತ್ತದೆ. ಕೂಸ್‌ನ ಮುಂಗಾಲಿಗೆ ಅದು ಹೇಳಿ ಮಾಡಿಸಿದ್ದು. ಆದರೆ ಈ ಮಾಂಸದಲ್ಲಿ ಹುಳಿಯನ್ನು ತಡೆಯಲು ಹಂದಿಯ ಕೊಬ್ಬಿಲ್ಲ, ಪಂದಿ ಕರಿಗೆ ಹಾಕುವುದರಲ್ಲಿ ಅರ್ಧ ಹಾಕಿ, ಇಳಿಸುವ ಹತ್ತು ನಿಮಿಷ ಮುಂಚೆ.